ಪಕ್ಕದಲ್ಲಿ ನೀರು ಚಿಮ್ಮುತ್ತಿದೆ, ಆದರೂ ಮೋಟರ್ ಬಿಸಿ: ಔಟ್‌ಬೋರ್ಡ್ ಮೋಟರಿನ ಕೂಲಿಂಗ್ ನೀರಿನ ಒತ್ತಡ ನೋಡುವುದು ಹೇಗೆ

ಕಬಿನಿ ಹಿನ್ನೀರಾಗಲಿ, ಕೆಆರ್‌ಎಸ್ ಹಿನ್ನೀರಾಗಲಿ, ವರುಣಾ ಕೆರೆಯಾಗಲಿ, ಬೋಟಿನ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಮೋಟರ್ ಸ್ಟಾರ್ಟ್ ಆದ ಕೂಡಲೇ ಬೋಟಿನವರು ನೋಡುವುದು ಒಂದನ್ನೇ. ಪಕ್ಕದ ಸಣ್ಣ ತೂತಿನಿಂದ ನೀರಿನ ಧಾರೆ ಬರುತ್ತಿದೆಯಾ? ಬಂದರೆ ಸರಿ, ಹೊರಟಾಯಿತು. ಈ ಅಭ್ಯಾಸ ಒಳ್ಳೆಯದು, ಬಿಡಬೇಡಿ. ಆದರೆ ಆ ಧಾರೆ ಹೇಳುವುದು ತುಂಬಾ ಕಡಿಮೆ. ಪಂಪ್ ಒಂದಿಷ್ಟು ನೀರನ್ನು ಮೇಲಕ್ಕೆ ತಳ್ಳುತ್ತಿದೆ ಎಂದಷ್ಟೇ ಅದು ಹೇಳುತ್ತದೆ. ಎಷ್ಟು ನೀರು, ಎಷ್ಟು ಒತ್ತಡದಲ್ಲಿ, ಸಿಲಿಂಡರಿನ ಸುತ್ತ ಹರಿಯುತ್ತಿದೆಯೋ ಇಲ್ಲವೋ, ಇದ್ಯಾವುದೂ ಅದರಿಂದ ತಿಳಿಯುವುದಿಲ್ಲ.

ಅದಕ್ಕೇ ನಮ್ಮ ಕಡೆ ಈ ಮಾತು ಪದೇ ಪದೇ ಕೇಳಿಬರುತ್ತದೆ: "ನೀರು ಬತ್ತಾನೇ ಐತಲ್ಲಣ್ಣ, ಆದ್ರೂ ಯಾಕೆ ಅಲಾರಂ ಹೊಡ್ಕೊತಾ ಐತೆ?" ಈ ಪ್ರಶ್ನೆಗೆ ಉತ್ತರ ಬೇಕೆಂದರೆ ಒಂದು ಪ್ರೆಷರ್ ಗೇಜ್ ಬೇಕು. ಊಹೆಯ ಮೇಲೆ ಒಂದೊಂದೇ ಪಾರ್ಟ್ ಬದಲಾಯಿಸುತ್ತಾ ಹೋದರೆ ದುಡ್ಡೂ ಹೋಗುತ್ತದೆ, ಬೋಟೂ ದಡದಲ್ಲೇ ಇರುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಬೇಕು. ಔಟ್‌ಬೋರ್ಡ್ ಮೋಟರ್ ಬಗ್ಗೆ ನಮಗೆ ಸಿಗುವ ಸಲಹೆಗಳು ಹೆಚ್ಚಾಗಿ ಸಮುದ್ರದವು. ಮಲ್ಪೆ, ಮಂಗಳೂರಿನ ಮೆಕ್ಯಾನಿಕ್‌ಗಳಿಗೆ ಶತ್ರು ಉಪ್ಪು. ನಮಗೆ ಉಪ್ಪಿಲ್ಲ. ನಮ್ಮದು ಕೆಸರು, ಸಣ್ಣ ಮರಳು, ಜೊಂಡು, ಅಂತರಗಂಗೆ, ಹರಿದ ಬಲೆಯ ಚೂರು, ಪ್ಲಾಸ್ಟಿಕ್ ಕವರ್. ಕೊಡಗಿನಲ್ಲಿ ಮಳೆ ಹಿಡಿದರೆ ಜೂನ್, ಜುಲೈ ಹೊತ್ತಿಗೆ ಕಾವೇರಿ ಕೆಂಪಗೆ ಬರುತ್ತಾಳೆ. ಏಪ್ರಿಲ್, ಮೇ ತಿಂಗಳಲ್ಲಿ ಹಿನ್ನೀರು ಇಳಿದು, ಬೋಟಿನ ಪ್ರೊಪೆಲ್ಲರ್ ತಳದ ಕೆಸರನ್ನೇ ಕಲಕಿ ಮೇಲೆತ್ತುತ್ತದೆ. ಅದೇ ನೀರನ್ನು ಮೋಟರ್ ಕುಡಿಯುತ್ತದೆ. "ಸಿಹಿನೀರು ತಾನೇ, ಏನಾಗುತ್ತೆ" ಎಂಬ ಧೈರ್ಯವೇ ನಮ್ಮಲ್ಲಿ ಜಾಸ್ತಿ ಮೋಟರ್ ಕೆಡಿಸಿರುವುದು ಎಂದು ನನ್ನ ಅಭಿಪ್ರಾಯ.

ನೀರು ಹೋಗುವ ದಾರಿ

ನೀರಿನಲ್ಲಿ ಮುಳುಗುವ ಕೆಳಭಾಗದ, ಅಂದರೆ ಗೇರ್‌ಕೇಸಿನ, ಎರಡೂ ಬದಿಯಲ್ಲಿ ಜಾಲರಿ ಇರುವ ಬಾಯಿಗಳಿವೆ. ನೀರು ಒಳಗೆ ಬರುವುದು ಅಲ್ಲಿಂದ. ಅದರ ಮೇಲೆ, ಡ್ರೈವ್ ಶಾಫ್ಟಿಗೇ ಕೂರಿಸಿದ ರಬ್ಬರ್ ಇಂಪೆಲ್ಲರ್, ಅಂದರೆ ನೀರು ತಳ್ಳುವ ಪಂಪಿನ ರೆಕ್ಕೆಚಕ್ರ ಇದೆ. ಮೋಟರ್ ತಿರುಗಿದಷ್ಟೂ ಹೊತ್ತು ಅದೂ ತಿರುಗುತ್ತದೆ. ಅಲ್ಲಿಂದ ಒಂದು ಉದ್ದನೆಯ ಕೊಳವೆ ನೀರನ್ನು ಮೇಲಿನ ಪವರ್‌ಹೆಡ್‌ಗೆ, ಅಂದರೆ ಎಂಜಿನ್ನಿಗೆ, ಒಯ್ಯುತ್ತದೆ. ಸಿಲಿಂಡರ್, ಹೆಡ್ಡು, ಎಕ್ಸಾಸ್ಟ್ ಭಾಗಗಳ ಸುತ್ತ ಹರಿದು, ಥರ್ಮೋಸ್ಟಾಟ್ (ತಣ್ಣಗಿರುವಾಗ ಮುಚ್ಚಿ, ಬಿಸಿಯಾದಾಗ ತೆರೆಯುವ ವಾಲ್ವ್) ದಾಟಿ, ಹೊಗೆಯ ಜೊತೆ ನೀರು ಕೆಳಗೆ ಹೋಗುತ್ತದೆ. ಪಕ್ಕದಲ್ಲಿ ಚಿಮ್ಮುವ ಧಾರೆ ಈ ದೊಡ್ಡ ಹರಿವಿನಿಂದ ಕವಲೊಡೆದ ಒಂದು ಸಣ್ಣ ಎಳೆ ಮಾತ್ರ. ಅದು ಎಲ್ಲಿ ಕವಲೊಡೆಯುತ್ತದೆ ಎಂಬುದು ಮೋಟರಿನಿಂದ ಮೋಟರಿಗೆ ಬೇರೆ.

ತೋಟದ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದರೆ ನೀರು ಇನ್ನೂ ದೂರ ಹಾರುತ್ತದೆ, ಅಲ್ವಾ? ನೀರು ಜಾಸ್ತಿಯಾಗಿರುವುದಿಲ್ಲ, ದಾರಿ ಕಿರಿದಾಗಿರುತ್ತದೆ. ಮೋಟರಿನಲ್ಲೂ ಹಾಗೇ. ಥರ್ಮೋಸ್ಟಾಟ್ ಮುಚ್ಚಿಕೊಂಡು ಕಚ್ಚಿದ್ದರೆ ಹಿಂದೆ ಒತ್ತಡ ಏರುತ್ತದೆ, ಪಕ್ಕದ ಧಾರೆ ಮೊದಲಿಗಿಂತ ಜೋರಾಗಿ ಚಿಮ್ಮಬಹುದು. ಆ ಹೊತ್ತಿಗೆ ಮೇಲೆ ಹೆಡ್ಡು ಸುಡುತ್ತಿರುತ್ತದೆ. ಧಾರೆ ಚೆನ್ನಾಗಿದೆ ಎಂದು ಅಲಾರಮ್ಮಿನ ವೈರ್ ಕಿತ್ತು ಬೋಟ್ ಓಡಿಸುವುದು ಎಲ್ಲಕ್ಕಿಂತ ಅಪಾಯದ ಕೆಲಸ. ದಯವಿಟ್ಟು ಮಾಡಬೇಡಿ.

ಗೇಜ್ ಹಾಕುವ ಮೊದಲು

ಎರಡು ವಿಷಯ ಬೇಗ ನೋಡಿ ಮುಗಿಸಿ. ಮೋಟರ್ ಎತ್ತಿ ಜಾಲರಿಯ ಬಾಯಿ ನೋಡಿ. ಕಳೆ, ಪ್ಲಾಸ್ಟಿಕ್ ಸಿಕ್ಕಿದ್ದರೆ ತೆಗೆಯಿರಿ. ಆಮೇಲೆ ಧಾರೆಯ ತೂತಿಗೆ ಮೆತ್ತನೆಯ ತಂತಿ ಹಾಕಿ ಆಡಿಸಿ. ಮಳೆಗಾಲದಲ್ಲಿ ಶೆಡ್ಡಿನಲ್ಲಿ ನಿಂತ ಮೋಟರಿನ ಈ ತೂತಿಗೆ ಕಡಜ ಮಣ್ಣು ತುಂಬಿ ಗೂಡು ಕಟ್ಟಿರುವುದು ಮಾಮೂಲು. ಒತ್ತಡ ಸರಿಯಿದೆ, ಮೋಟರ್ ತಣ್ಣಗಿದೆ, ಧಾರೆ ಮಾತ್ರ ಇಲ್ಲ ಎಂದರೆ ಬಹುಪಾಲು ಕಾರಣ ಇದೇ.

ಗೇಜ್ ವಿಷಯ. ನಮ್ಮೂರುಗಳ ಪಂಪ್‌ಸೆಟ್ ಅಂಗಡಿಗಳಲ್ಲಿ ಡ್ರಿಪ್ ನೀರಾವರಿಗೆಂದು ಮಾರುವ ಗೇಜು ಸುಲಭವಾಗಿ ಸಿಗುತ್ತದೆ. ಆದರೆ 0ರಿಂದ 4 ಕೆಜಿ ಅಥವಾ ಅದಕ್ಕೂ ದೊಡ್ಡ ಅಳತೆಯ ಗೇಜು ಈ ಕೆಲಸಕ್ಕೆ ಬರುವುದಿಲ್ಲ. ಚದರ ಸೆಂಟಿಮೀಟರಿಗೆ 1 ಕೆಜಿ ಎಂದರೆ ಸುಮಾರು 14 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಮೋಟರ್ ಸ್ಲೋನಲ್ಲಿ, ಅಂದರೆ ಥ್ರಾಟಲ್ ಕೊಡದೆ ಸುಮ್ಮನೆ ಓಡುತ್ತಿರುವಾಗ ನಮಗೆ ಬೇಕಾದ್ದು 2, 3 ಪಿಎಸ್‌ಐ ಮಟ್ಟದ ಓದು. ದೊಡ್ಡ ಗೇಜಿನ ಮುಳ್ಳು ಅಷ್ಟಕ್ಕೆ ಅಲುಗಾಡುವುದೇ ಕಷ್ಟ. 0ರಿಂದ 30 ಪಿಎಸ್‌ಐ ಅಥವಾ 0ರಿಂದ 2 ಕೆಜಿ ಗೇಜು ಹುಡುಕಿ ತನ್ನಿ.

ಎಲ್ಲಿ ಜೋಡಿಸಬೇಕು? ಮಧ್ಯಮ ಮತ್ತು ದೊಡ್ಡ ಮೋಟರುಗಳಲ್ಲಿ ಬ್ಲಾಕ್ ಅಥವಾ ಹೆಡ್ಡಿನ ಮೇಲೆ ಇದಕ್ಕೆಂದೇ ಒಂದು ಸಣ್ಣ ಪ್ಲಗ್ ಇರುತ್ತದೆ. ಯಾವುದೆಂದು ಸರ್ವಿಸ್ ಮ್ಯಾನ್ಯುಯಲ್ ತೋರಿಸುತ್ತದೆ. ಪ್ಲಗ್ ಬಿಚ್ಚಿ ಅಂಗಡಿಗೇ ಒಯ್ದು, ಅದೇ ಥ್ರೆಡ್ಡಿನ ನಿಪ್ಪಲ್ ಹೋಲಿಸಿ ತನ್ನಿ. ಅಂದಾಜಿನಲ್ಲಿ ಬೇರೆ ಥ್ರೆಡ್ ತಿರುವಿದರೆ ಅಲ್ಯೂಮಿನಿಯಂ ಬ್ಲಾಕಿನ ಥ್ರೆಡ್ ಹಾಳಾಗುತ್ತದೆ. ಸಣ್ಣ ಮೋಟರಿನಲ್ಲಿ ಇಂಥ ಪ್ಲಗ್ ಇಲ್ಲದಿದ್ದರೆ ಧಾರೆಗೆ ಹೋಗುವ ಹೋಸಿನಲ್ಲಿ ಟೀ ಜಾಯಿಂಟ್ ಹಾಕಬಹುದು. ಆ ಹೋಸಿನ ತುದಿ ತೆರೆದಿರುವುದರಿಂದ ಬ್ಲಾಕಿನ ಒತ್ತಡಕ್ಕಿಂತ ಕಡಿಮೆ ಓದುತ್ತದೆ. ಅದನ್ನು ಮ್ಯಾನ್ಯುಯಲ್ಲಿನ ಅಂಕಿಗೆ ಹೋಲಿಸಬೇಡಿ. ಇದೇ ಮೋಟರಿನ ಹಳೆಯ ಓದಿಗೆ ಮಾತ್ರ ಹೋಲಿಸಿ.

ಗೇಜನ್ನು ಪ್ಲಗ್ಗಿನ ಎತ್ತರದಲ್ಲೇ ಹಿಡಿಯಿರಿ. ಇದು ಸಣ್ಣ ವಿಷಯ ಅನಿಸಬಹುದು. ನೀರು ತುಂಬಿದ ಹೋಸ್ ಒಂದು ಮೀಟರ್ ಕೆಳಗೆ ಇಳಿದರೆ ಅದರ ಭಾರಕ್ಕೇ ಸುಮಾರು 1.4 ಪಿಎಸ್‌ಐ ಹೆಚ್ಚಿಗೆ ತೋರಿಸುತ್ತದೆ. ಸ್ಲೋನಲ್ಲಿ ಮೋಟರಿನ ಒಟ್ಟು ಒತ್ತಡವೇ 2 ಪಿಎಸ್‌ಐ ಇರುವಾಗ ಗೇಜನ್ನು ಬೋಟಿನ ತಳದಲ್ಲಿಟ್ಟು ಓದಿದರೆ, ಸತ್ತ ಪಂಪೂ ಚೆನ್ನಾಗಿದೆ ಎಂದು ಕಾಣುತ್ತದೆ.

ಅಳೆಯುವುದು ನೀರಿನಲ್ಲೇ

ದಡದಲ್ಲಿ ಗೇರ್‌ಕೇಸಿನ ಬಾಯಿಗಳಿಗೆ ರಬ್ಬರ್ ಕಪ್ ಹಾಕಿ, ನಲ್ಲಿ ಪೈಪ್ ಸಿಕ್ಕಿಸಿ ಓಡಿಸುವ ಪದ್ಧತಿ ಒಳಗೆ ತೊಳೆಯಲು ಸರಿ, ಅಳೆಯಲು ಅಲ್ಲ. ಅಲ್ಲಿ ನಲ್ಲಿಯ ಒತ್ತಡ ಪಂಪಿಗೆ ಸೇರಿಕೊಳ್ಳುತ್ತದೆ. ನಲ್ಲಿ ಸಣ್ಣದಿದ್ದರೆ ಉಲ್ಟಾ, ಪಂಪಿಗೇ ನೀರು ಸಾಲುವುದಿಲ್ಲ. ಡ್ರಮ್ಮಿನಲ್ಲಿ ಸ್ಲೋ ಓದು ಮಾತ್ರ ನಂಬಬಹುದು. ಪ್ರೊಪೆಲ್ಲರ್ ಬಿಚ್ಚಿಟ್ಟು, ಪಂಪ್ ಪೂರ್ತಿ ಮುಳುಗುವಷ್ಟು ನೀರು ತುಂಬಿ, ಬಯಲಲ್ಲಿ ಓಡಿಸಿ. ವೇಗ ಹೆಚ್ಚಿಸಿದರೆ ಹೊಗೆಯ ಗುಳ್ಳೆ ಡ್ರಮ್ಮಿನ ನೀರಿನಲ್ಲೆಲ್ಲಾ ಬೆರೆತು ಪಂಪು ಗಾಳಿ ಎಳೆಯುತ್ತದೆ, ಓದು ಸುಳ್ಳಾಗುತ್ತದೆ. ಏನೇ ಆದರೂ ನೀರಿಲ್ಲದೆ ಒಂದು ಸಲ ಸ್ಟಾರ್ಟ್ ಮಾಡಿ ನೋಡುತ್ತೇನೆ ಎನ್ನಬೇಡಿ. ಒಣಗಿದ ರಬ್ಬರ್ ಕೆಲವೇ ಸೆಕೆಂಡಿನಲ್ಲಿ ಉಜ್ಜಿ ಸುಟ್ಟುಹೋಗುತ್ತದೆ.

ಹಾಗಾಗಿ ಬೋಟನ್ನು ನೀರಿಗೆ ಇಳಿಸಿ. ಇಬ್ಬರಿರಬೇಕು. ಒಬ್ಬರು ಓಡಿಸಲಿ, ಕಿಲ್ ಸ್ವಿಚ್ಚಿನ (ಎಳೆದರೆ ಮೋಟರ್ ಆಫ್ ಆಗುವ ಸ್ವಿಚ್) ಹಗ್ಗ ಕೈಗೆ ಕಟ್ಟಿಕೊಳ್ಳಲಿ. ಇನ್ನೊಬ್ಬರು ಗೇಜ್ ನೋಡಿ ಬರೆದುಕೊಳ್ಳಲಿ. ನಾಲ್ಕು ಓದು ಬೇಕು: ತಣ್ಣಗಿರುವಾಗ ಸ್ಲೋನಲ್ಲಿ, ಬಿಸಿಯಾದ ಮೇಲೆ ಸ್ಲೋನಲ್ಲಿ, 3000 ಆರ್‌ಪಿಎಂನಲ್ಲಿ, ಪೂರ್ತಿ ವೇಗದಲ್ಲಿ. ಪೂರ್ತಿ ವೇಗ ಒಂದರ್ಧ ನಿಮಿಷ ಸಾಕು. ಅಲಾರಂ ಬಂದರೆ ತಕ್ಷಣ ಇಳಿಸಿ.

ಎಷ್ಟಿರಬೇಕು? ಇದಕ್ಕೆ ಎಲ್ಲ ಮೋಟರಿಗೂ ಒಂದೇ ಅಂಕಿ ಇಲ್ಲ. ಯಮಹಾ, ಸುಜುಕಿ, ಮರ್ಕ್ಯುರಿ, ಟೊಹಾಟ್ಸು, ಒಂದೊಂದು ಮಾದರಿಗೂ ಒಂದೊಂದು ಅಂಕಿ. ಅಂದಾಜಿಗೆ ಹೇಳುವುದಾದರೆ ಮಧ್ಯಮ ಗಾತ್ರದವು ಸ್ಲೋನಲ್ಲಿ 1ರಿಂದ 5 ಪಿಎಸ್‌ಐ, ಪೂರ್ತಿ ವೇಗದಲ್ಲಿ 10ರಿಂದ 25 ಪಿಎಸ್‌ಐ ನಡುವೆ ಇರುತ್ತವೆ. ನಿಮ್ಮ ಮಾದರಿಯ ಮ್ಯಾನ್ಯುಯಲ್ ಹೇಳಿದ್ದೇ ಕೊನೆಯ ಮಾತು.

ಓದನ್ನು ಅರ್ಥ ಮಾಡಿಕೊಳ್ಳುವುದು

ಒಂದೊಂದೇ ಅಂಕಿ ಹಿಡಿದು ಕೂತರೆ ಏನೂ ತಿಳಿಯುವುದಿಲ್ಲ. ನಾಲ್ಕನ್ನೂ ಪಕ್ಕಪಕ್ಕ ಇಟ್ಟಾಗಲೇ ದೋಷ ಎಲ್ಲಿದೆ ಎಂದು ಗೊತ್ತಾಗುವುದು.

ಸ್ಲೋನಲ್ಲಿ ಕಡಿಮೆ, ವೇಗದಲ್ಲಿ ಪರವಾಗಿಲ್ಲ: ಮೊದಲು ಪಂಪನ್ನು ಅನುಮಾನಿಸಿ. ಕಾರಣ ಇಂಪೆಲ್ಲರ್ ಕೆಲಸ ಮಾಡುವ ರೀತಿಯಲ್ಲೇ ಇದೆ. ಅದು ಪಂಪಿನ ಗೂಡಿನ (ಹೌಸಿಂಗ್) ನಡುವೆ ಇರದೆ ಒಂದು ಬದಿಗೆ ಸರಿದು ಕೂತಿರುತ್ತದೆ. ನಿಧಾನವಾಗಿ ತಿರುಗುವಾಗ ರಬ್ಬರ್ ರೆಕ್ಕೆಗಳು ಗೋಡೆಗೆ ಒತ್ತಿಕೊಂಡು, ಬಾಗಿ, ಬಿಚ್ಚಿಕೊಂಡು ನೀರನ್ನು ಹಿಂಡಿ ತಳ್ಳುತ್ತವೆ. ವೇಗ ಏರಿದಾಗ ನೀರಿನ ಒತ್ತಡಕ್ಕೆ ರೆಕ್ಕೆಗಳು ಬಾಗಿ ಗೋಡೆಯಿಂದ ಸರಿಯುತ್ತವೆ. ಆಗ ಅದು ಮಾಮೂಲಿ ಮೊನೊಬ್ಲಾಕ್ ಪಂಪಿನ ಹಾಗೆ ನೀರನ್ನು ಬೀಸಿ ಎಸೆಯುತ್ತದೆ. ರೆಕ್ಕೆ ಸವೆದಿದ್ದರೆ, ಗಟ್ಟಿಯಾಗಿದ್ದರೆ, ಒಂದೇ ಕಡೆ ಬಾಗಿ ಹಾಗೇ ನಿಂತಿದ್ದರೆ ಏಟು ಬೀಳುವುದು ಸ್ಲೋ ಓದಿಗೆ. ಕೆಸರು ನೀರಿನ ಮರಳು ಉಜ್ಜುವುದೂ ಇಲ್ಲೇ. ಆದ್ದರಿಂದ ನಮ್ಮ ಹಿನ್ನೀರುಗಳಲ್ಲಿ ಈ ಬಗೆಯ ಓದು ಹೆಚ್ಚು ಕಾಣುತ್ತದೆ.

ಸ್ಲೋನಲ್ಲಿ ಸರಿ, ವೇಗದಲ್ಲಿ ಏರುವುದೇ ಇಲ್ಲ: ಪಂಪ್ ಬಿಚ್ಚುವ ಮೊದಲು ನೀರು ಬರುವ ಬಾಯಿ ನೋಡಿ. ಸ್ಲೋನಲ್ಲಿ ಬೇಕಾದ ನೀರು ಕಡಿಮೆ, ಅರ್ಧ ಕಟ್ಟಿದ ಜಾಲರಿಯೂ ಸಾಕಾಗುತ್ತದೆ. ವೇಗದಲ್ಲಿ ಸಾಕಾಗುವುದಿಲ್ಲ. ಜಾಲರಿ ಹೊರಗಿಂದ ಶುಭ್ರವಾಗಿ ಕಂಡರೂ ಒಳಬದಿಯಲ್ಲಿ ಕೆಸರು ಕೂತಿರಬಹುದು, ಬಿಚ್ಚಿ ನೋಡಿ. ಇನ್ನೊಂದು, ಮೋಟರನ್ನು ತೀರಾ ಎತ್ತರಕ್ಕೆ ಕಟ್ಟಿರುವುದು. ತಳ ತಾಗುತ್ತದೆ ಎಂದು ಬೇಸಿಗೆಯಲ್ಲಿ ಮೋಟರ್ ಎತ್ತಿ ಕಟ್ಟಿ, ಮಳೆಗಾಲ ಬಂದರೂ ಹಾಗೇ ಬಿಟ್ಟಿರುತ್ತಾರೆ. ಪ್ರೊಪೆಲ್ಲರ್ ಮೇಲಿರುವ ಚಪ್ಪಟೆ ಪ್ಲೇಟು ಹೆಚ್ಚುಕಡಿಮೆ ಬೋಟಿನ ತಳದ ಮಟ್ಟಕ್ಕೆ ಬರಬೇಕು. ಅದಕ್ಕಿಂತ ತುಂಬಾ ಮೇಲಿದ್ದರೆ ವೇಗ ಹಿಡಿದಾಗ, ತಿರುವು ತೆಗೆದುಕೊಂಡಾಗ ಬಾಯಿಗೆ ನೀರಿನ ಜೊತೆ ಗಾಳಿಯೂ ಬರುತ್ತದೆ. ತಿರುವಿನಲ್ಲೇ ಮುಳ್ಳು ಕುಸಿದರೆ ಕಾರಣ ಇದೇ ಎನ್ನಬಹುದು.

ಎಲ್ಲ ವೇಗದಲ್ಲೂ ಕಡಿಮೆ: ಪಂಪ್ ಪೂರ್ತಿ ಸವೆದಿರಬಹುದು. ಅಥವಾ ಪಂಪಿನಿಂದ ಮೇಲೆ ಹೋಗುವ ಕೊಳವೆಯ ಬುಡದ ರಬ್ಬರ್ ಸೀಲ್ ಸರಿಯಾಗಿ ಕೂರದೆ ನೀರು ಮಧ್ಯದಲ್ಲೇ ಸೋರುತ್ತಿರಬಹುದು. ಹೊಸ ಇಂಪೆಲ್ಲರ್ ಹಾಕಿದ ಮೇಲೂ ಒತ್ತಡ ಬರಲಿಲ್ಲ ಎಂದರೆ ನಾನು ಮೊದಲು ಹುಡುಕುವುದು ಈ ಸೀಲನ್ನು. ಗೇರ್‌ಕೇಸ್ ವಾಪಸ್ ಏರಿಸುವಾಗ ಕೊಳವೆ ಸೀಲಿನೊಳಗೆ ಇಳಿಯದೆ ಪಕ್ಕಕ್ಕೆ ಮಡಚಿಕೊಳ್ಳುವುದು ತುಂಬಾ ಸಲೀಸು, ಕಣ್ಣಿಗೂ ಕಾಣುವುದಿಲ್ಲ.

ಒತ್ತಡ ಚೆನ್ನಾಗಿದೆ ಅಥವಾ ಜಾಸ್ತಿಯೇ ಇದೆ, ಆದರೂ ಬಿಸಿ: ಪಂಪ್ ಮುಟ್ಟಬೇಡಿ. ದಾರಿ ಮುಂದೆಲ್ಲೋ ಕಟ್ಟಿದೆ. ಥರ್ಮೋಸ್ಟಾಟ್ ಮುಚ್ಚಿಕೊಂಡಿರಬಹುದು, ಬ್ಲಾಕಿನೊಳಗೆ ಕೆಸರು ಗಟ್ಟಿಯಾಗಿರಬಹುದು. ಇಲ್ಲಿ ಹಲವರು ಹೊಸ ಇಂಪೆಲ್ಲರಿಗೆ ದುಡ್ಡು ಹಾಕುತ್ತಾರೆ. ಸಮಸ್ಯೆ ಹಾಗೇ ಇರುತ್ತದೆ.

ಮುಳ್ಳು ಒಂದೇ ಸಮ ನಡುಗುತ್ತದೆ, ಧಾರೆಯಲ್ಲಿ ಗುಳ್ಳೆ: ಎಲ್ಲೋ ಗಾಳಿ ಅಥವಾ ಹೊಗೆ ನೀರಿಗೆ ಸೇರುತ್ತಿದೆ. ಪಂಪ್ ಗೂಡಿನ ಗ್ಯಾಸ್ಕೆಟ್, ಇಲ್ಲವೇ ಹೆಡ್ ಗ್ಯಾಸ್ಕೆಟ್. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ನೋಡಿ. ಒಂದು ಮಾತ್ರ ತೊಳೆದಂತೆ ಶುಭ್ರವಾಗಿದ್ದರೆ ಆ ಸಿಲಿಂಡರಿಗೆ ನೀರು ಹೋಗುತ್ತಿರಬಹುದು. ಫೋರ್‌ಸ್ಟ್ರೋಕ್ ಆಗಿದ್ದರೆ ಆಯಿಲ್ ಕಡ್ಡಿಯನ್ನೂ ನೋಡಿ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಬೋಟ್ ಅಲ್ಲಿಗೇ ನಿಲ್ಲಿಸಿ.

ಇನ್ನು ತಣ್ಣನೆಯ ಸ್ಲೋ ಓದಿಗೂ ಬಿಸಿ ಸ್ಲೋ ಓದಿಗೂ ಇರುವ ಅಂತರ. ಥರ್ಮೋಸ್ಟಾಟ್ ಮುಚ್ಚಿರುವಾಗ ಒತ್ತಡ ತುಸು ಹೆಚ್ಚಿರುತ್ತದೆ. ಮೋಟರ್ ಬಿಸಿಯಾಗಿ ಅದು ತೆರೆದುಕೊಂಡಾಗ ಮುಳ್ಳು ಸ್ವಲ್ಪ ಇಳಿಯುತ್ತದೆ. ಆ ಇಳಿತ ಕಂಡರೆ ಥರ್ಮೋಸ್ಟಾಟ್ ಬದುಕಿದೆ ಎಂದರ್ಥ. ಇಳಿಯಲೇ ಇಲ್ಲ, ಹೆಡ್ಡು ಬಿಸಿಯೇರುತ್ತಲೇ ಇದೆ ಎಂದರೆ ಅದು ಕಚ್ಚಿ ಮುಚ್ಚಿಕೊಂಡಿದೆ. ಮೊದಲಿಂದಲೂ ಒತ್ತಡ ಕಡಿಮೆ, ಎಷ್ಟು ಹೊತ್ತಾದರೂ ಮೋಟರ್ ಬೆಚ್ಚಗಾಗುವುದೇ ಇಲ್ಲ ಎಂದರೆ ತೆರೆದುಕೊಂಡೇ ನಿಂತಿದೆ. ತಣ್ಣಗಿದ್ದರೆ ಒಳ್ಳೆಯದಲ್ವಾ ಎನ್ನಬೇಡಿ. ಫೋರ್‌ಸ್ಟ್ರೋಕ್ ಮೋಟರ್ ಬೇಕಾದಷ್ಟು ಬಿಸಿಯಾಗದಿದ್ದರೆ ಪೆಟ್ರೋಲ್ ಪೂರ್ತಿ ಉರಿಯದೆ ಆಯಿಲ್ಲಿಗೆ ಸೇರಿ ಅದನ್ನು ತೆಳುವಾಗಿಸುತ್ತದೆ.

ಬಿಸಿ ನೋಡಲು ಇನ್‌ಫ್ರಾರೆಡ್ ಗನ್ ಇದ್ದರೆ ಒಳ್ಳೆಯದು. ಆದರೆ ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ತಪ್ಪು ತೋರಿಸುತ್ತದೆ. ಒಂದು ಚೂರು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ. ಮೇಲಿನ ಸಿಲಿಂಡರ್, ಕೆಳಗಿನ ಸಿಲಿಂಡರ್ ಎರಡನ್ನೂ ಅಳೆಯಿರಿ. ಒಂದು ಮಾತ್ರ ತುಂಬಾ ಬಿಸಿ ಎಂದರೆ ಅದರ ಸುತ್ತಲಿನ ದಾರಿಯೇ ಕಟ್ಟಿದೆ.

ಪಂಪ್ ಬಿಚ್ಚಿದಾಗ

ಇಂಪೆಲ್ಲರ್ ಕೈಗೆ ಬಂದ ಕೂಡಲೇ ರೆಕ್ಕೆಗಳನ್ನು ಎಣಿಸಿ, ಹೊಸದರ ಪಕ್ಕ ಇಡಿ. ಒಂದು ರೆಕ್ಕೆ, ರೆಕ್ಕೆಯ ಒಂದು ತುಂಡು ಇಲ್ಲದಿದ್ದರೂ ಆ ತುಂಡು ಸಿಗುವವರೆಗೂ ಕೆಲಸ ಮುಗಿದಿಲ್ಲ. ಅದು ಕೊಳವೆಯೊಳಗೋ, ಥರ್ಮೋಸ್ಟಾಟ್ ಹತ್ತಿರವೋ ಕೂತಿರುತ್ತದೆ. ಅದನ್ನು ಬಿಟ್ಟು ಹೊಸ ಪಂಪ್ ಹಾಕಿದರೆ, ಒತ್ತಡ ಚೆನ್ನಾಗಿದೆ, ಮೋಟರ್ ಮಾತ್ರ ಬಿಸಿ ಎಂಬ ಹೊಸ ತಲೆನೋವು ಶುರು.

ಇಂಪೆಲ್ಲರ್ ಒಂದನ್ನೇ ಬದಲಿಸುವುದು ನಮ್ಮ ನೀರಿಗೆ ಸಾಲದು. ಅದರ ಕೆಳಗಿನ ಸ್ಟೀಲ್ ಪ್ಲೇಟ್ ಮೇಲೆ, ಗೂಡಿನ ಒಳಗೋಡೆಯ ಮೇಲೆ ಉಗುರು ಆಡಿಸಿ. ಗೀರು ಉಗುರಿಗೆ ಸಿಕ್ಕಿದರೆ ಪ್ಲೇಟ್, ಗೂಡು, ಗ್ಯಾಸ್ಕೆಟ್ ಎಲ್ಲ ಸೇರಿದ ಕಿಟ್ಟನ್ನೇ ತನ್ನಿ. ಮರಳು ಕೊರೆದ ಗೀರಿನಲ್ಲಿ ನೀರು ವಾಪಸ್ ಜಾರುತ್ತಿದ್ದರೆ ಹೊಸ ರಬ್ಬರ್ ಏನೂ ಮಾಡಲಾರದು.

ಕೂರಿಸುವಾಗ ಸೋಪಿನ ನೀರು ಸವರಿ. ಗೂಡನ್ನು ಒತ್ತುತ್ತಾ ಶಾಫ್ಟನ್ನು ಅದು ಕೆಲಸ ಮಾಡುವ ದಿಕ್ಕಿಗೇ ತಿರುಗಿಸಿ. ಬಹುಪಾಲು ಮೋಟರುಗಳಲ್ಲಿ ಮೇಲಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕು. ಹಾಗೆ ಮಾಡಿದರೆ ರೆಕ್ಕೆಗಳು ಸರಿಯಾದ ಕಡೆಗೇ ಬಾಗುತ್ತವೆ. ಸಣ್ಣ ಕೀ ಜಾರಿ ಬಿದ್ದಿದೆಯಾ ನೋಡಿಕೊಳ್ಳಿ. ಕೀ ಇಲ್ಲದಿದ್ದರೆ ಶಾಫ್ಟ್ ತಿರುಗುತ್ತದೆ, ಇಂಪೆಲ್ಲರ್ ನಿಂತೇ ಇರುತ್ತದೆ. ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ಹಾಕಿ, ಆದರೆ ಶಾಫ್ಟಿನ ತಲೆಯ ಮೇಲೆ ಹಾಕಬೇಡಿ. ಅಲ್ಲಿ ಸಿಕ್ಕಿಕೊಂಡ ಗ್ರೀಸ್ ಶಾಫ್ಟ್ ಪೂರ್ತಿ ಏರಲು ಬಿಡುವುದಿಲ್ಲ.

ಥರ್ಮೋಸ್ಟಾಟ್ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಒಂದು ಹಳೆಯ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಡಿ, ಥರ್ಮಾಮೀಟರ್ ಜೊತೆಗಿಡಿ, ನಿಧಾನವಾಗಿ ಕಾಯಿಸಿ. ಅದರ ಮೇಲೆ ಅಚ್ಚಾಗಿರುವ ಅಂಕಿಯ ಹತ್ತಿರ ತೆರೆದುಕೊಳ್ಳಬೇಕು. ಹಲವು ಔಟ್‌ಬೋರ್ಡುಗಳಲ್ಲಿ ಇದು 50ರಿಂದ 60 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಕಾರಿನ ಥರ್ಮೋಸ್ಟಾಟ್ ಇದಕ್ಕಿಂತ ತುಂಬಾ ಹೆಚ್ಚು ಬಿಸಿಗೆ ತೆರೆಯುತ್ತದೆ, ಅದನ್ನು ತಂದು ಹೊಂದಿಸಲು ಹೋಗಬೇಡಿ. ದೊಡ್ಡ ಮೋಟರುಗಳಲ್ಲಿ ಇದರ ಜೊತೆ ಸ್ಪ್ರಿಂಗ್ ಇರುವ ಒತ್ತಡದ ವಾಲ್ವ್ ಒಂದು ಇರುತ್ತದೆ. ವೇಗ ಏರಿದಾಗ ತೆರೆದು ಹೆಚ್ಚು ನೀರು ಹರಿಸುವುದು ಅದರ ಕೆಲಸ. ಅದರ ಸಂದಿಗೆ ಒಂದು ಕಲ್ಲುಚೂರು ಸಿಕ್ಕಿದರೆ ಸಾಕು, ವಾಲ್ವ್ ಮುಚ್ಚುವುದಿಲ್ಲ, ಸ್ಲೋನಲ್ಲಿ ಒತ್ತಡ ನಿಲ್ಲುವುದಿಲ್ಲ. ಪಂಪಿನಲ್ಲಿ ಏನೂ ತಪ್ಪು ಕಾಣದಿದ್ದರೆ ಇದನ್ನು ಬಿಚ್ಚಿ ತೊಳೆಯಿರಿ.

ನೀರಿನ ನಡುವೆ ಅಲಾರಂ ಬಂದರೆ

ತಕ್ಷಣ ಸ್ಲೋಗೆ ಇಳಿಸಿ, ಧಾರೆ ನೋಡಿ. ಧಾರೆ ಇಲ್ಲವೇ ಇಲ್ಲ ಎಂದರೆ ಆಫ್ ಮಾಡಿ. ಧಾರೆ ಇದ್ದರೆ ಕ್ಷಣಹೊತ್ತು ರಿವರ್ಸ್ ಹಾಕಿ, ಬಾಯಿಗೆ ಅಂಟಿದ ಪ್ಲಾಸ್ಟಿಕ್ ಕವರ್ ಎಷ್ಟೋ ಸಲ ಅಷ್ಟಕ್ಕೇ ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೆ ಆಫ್ ಮಾಡಿ, ಮೋಟರನ್ನು ಪೂರ್ತಿ ಎತ್ತಿ, ಬೋಟಿನೊಳಗಿಂದಲೇ ಕೋಲಿನಲ್ಲಿ ಬಿಡಿಸಿ. ಕಬಿನಿಯಲ್ಲೂ ಕಾವೇರಿಯಲ್ಲೂ ಮೊಸಳೆಗಳಿವೆ. ನೀರಿಗಿಳಿಯುವುದು, ಕೈ ಇಳಿಬಿಡುವುದು ಬೇಡ. ಹುಟ್ಟು ಬೋಟಿನಲ್ಲಿ ಯಾವಾಗಲೂ ಇರಲಿ.

ಕೆಸರು ನೀರಿನಲ್ಲಿ ಓಡಿಸಿದ ದಿನ ದಡಕ್ಕೆ ಬಂದ ಮೇಲೆ ತಿಳಿನೀರಿನಿಂದ ಒಳಗೆ ತೊಳೆಯಿರಿ. ಒದ್ದೆ ಕೆಸರು ಸುಲಭವಾಗಿ ಹೋಗುತ್ತದೆ. ಬಿಸಿ ಬ್ಲಾಕಿನೊಳಗೆ ಒಣಗಿ ಗಟ್ಟಿಯಾದ ಮೇಲೆ ಹೆಡ್ಡು ಬಿಚ್ಚಿ ಕೆರೆಯಬೇಕಾಗುತ್ತದೆ. ಮಂಡ್ಯ ಕಡೆ ಹಲವೆಡೆ ಬೋರ್ ನೀರು ಗಡಸು, ತೊಳೆಯಲು ಅದಕ್ಕಿಂತ ಕೆರೆಯ ತಿಳಿನೀರೇ ಮೇಲು.

ರಿಪೇರಿ ಮುಗಿದ ಮೇಲೆ ಮತ್ತೆ ನಾಲ್ಕೂ ಓದು ತೆಗೆದುಕೊಳ್ಳಿ. ತಾರೀಕಿನ ಜೊತೆ ಬರೆದು ಬೋಟಿನ ಕಾಗದಪತ್ರದ ಜೊತೆ ಇಡಿ. ಸರ್ವಿಸ್ ಆದ ಮೋಟರಿನ ಓದೇ ನಿಮ್ಮ ಮುಂದಿನ ಅಳತೆಗೋಲು. ಹೊಸ ನೀರು ಬಂದು ತಿಳಿಯಾದ ಮೇಲೆ ಒಂದು ಸಲ, ಬೇಸಿಗೆಯಲ್ಲಿ ನೀರು ಇಳಿಯುವ ಮೊದಲು ಇನ್ನೊಂದು ಸಲ ಅಳೆಯಿರಿ. ಬಿಸಿ ಸ್ಲೋ ಓದು ಮೊದಲಿನದಕ್ಕಿಂತ ಮೂರನೇ ಒಂದು ಭಾಗ ಇಳಿದಿದ್ದರೆ ಅಲಾರಂ ಬರುವವರೆಗೆ ಕಾಯಬೇಡಿ, ಪಂಪ್ ಬಿಚ್ಚಿ.